ಎ6 ಯಾಕೆ ಆಡಿದೆ? ಡೊಂಬಿವಲಿಯ ಒಂದು ಸ್ವೆಶ್ನಿಕೋವ್ ಪ್ರಕರಣ

ಐದು ದಿನದ ಚೆಸ್ ಟೂರ್ನಮೆಂಟು, ಆರನೇ ಸುತ್ತು. ಕಪ್ಪು ಕಾಯಿ ಹಿಡಿದ ಹುಡುಗನಿಗೆ 13 ವರ್ಷ, ವಿಶ್ವ ಚೆಸ್ ಸಂಸ್ಥೆಯಾದ ಫಿಡೆಯ ರೇಟಿಂಗ್ 1612. ಎದುರಿಗೆ ಕೂತವನದು 1500. ತಲಾ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡು ಸೇರ್ಪಡೆ. ಆಟ 11ನೇ ನಡೆಗೇ ಚೆಕ್‌ಮೇಟ್ ಆಗಿ ಮುಗಿಯಿತು. ಹುಡುಗ ನಡೆಗಳ ಪಕ್ಕದಲ್ಲಿ ಗಡಿಯಾರದ ಸಮಯವನ್ನೂ ಬರೆದುಕೊಂಡಿದ್ದ, ಒಳ್ಳೆಯ ಅಭ್ಯಾಸ. 8 ನಡೆ ಆದ ಮೇಲೆ ಅವನ ಗಡಿಯಾರದಲ್ಲಿ 92 ನಿಮಿಷ ಇತ್ತು, ಅಂದರೆ ಆಟ ಶುರುವಾದಾಗ ಇದ್ದದ್ದಕ್ಕಿಂತ 2 ನಿಮಿಷ ಹೆಚ್ಚು. ಈ ಪ್ರಕರಣದಲ್ಲಿ ಮೊದಲು ಕಣ್ಣಿಗೆ ಬೀಳಬೇಕಾದ ಅಂಕಿ ಇದೇ. ಅವನು ಆ ಹೊತ್ತಿನವರೆಗೆ ಯೋಚಿಸಿಯೇ ಇರಲಿಲ್ಲ, ನೆನಪಿನಿಂದ ಆಡುತ್ತಿದ್ದ.

ಆಡಿದ್ದು ಸಿಸಿಲಿಯನ್ ಡಿಫೆನ್ಸಿನ ಸ್ವೆಶ್ನಿಕೋವ್ ಪದ್ಧತಿ. ಮನೆಗಳ ಹೆಸರು ಹೀಗೆ: ಬಿಳಿಯ ಎಡಗಡೆಯಿಂದ ಎ, ಬಿ, ಸಿ ಎಂದು ಎಚ್‌ವರೆಗೆ ಕಂಬಸಾಲು, ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಅಡ್ಡಸಾಲು; ಬರೀ ಮನೆಯ ಹೆಸರಿದ್ದರೆ ಅದು ಪ್ಯಾದೆಯ ನಡೆ. ಬಿಳಿ ಇ4, ಕಪ್ಪು ಸಿ5. ಕುದುರೆ ಎಫ್3, ಕುದುರೆ ಸಿ6. ಬಿಳಿ ಡಿ4 ತಳ್ಳಿತು, ಕಪ್ಪು ಪ್ಯಾದೆ ಅದನ್ನು ಹೊಡೆಯಿತು, ಬಿಳಿ ಕುದುರೆ ಡಿ4ರಲ್ಲಿ ಮರಳಿ ಹೊಡೆಯಿತು. ಕಪ್ಪು ಕುದುರೆ ಎಫ್6, ಬಿಳಿ ಕುದುರೆ ಸಿ3. ಐದನೇ ನಡೆಗೆ ಕಪ್ಪು ಇ5. ಅಟ್ಟಿಸಿಕೊಂಡ ಬಿಳಿ ಕುದುರೆ ಬಿ5ಕ್ಕೆ ಹೋಯಿತು, ಕಪ್ಪು ಡಿ6 ಆಡಿ ಬಾಗಿಲು ಹಾಕಿತು. ಇಲ್ಲಿಗೆ ಎಲ್ಲವೂ ಅವನು ಲ್ಯಾಪ್‌ಟಾಪಿನಲ್ಲಿ ನಡೆಗಳನ್ನು ಬರೆದಿಟ್ಟುಕೊಂಡ ಫೈಲಿನಲ್ಲಿ ಇದ್ದಂತೆಯೇ. ಫೈಲಿನ ಪ್ರಕಾರ ಮುಂದೆ ಒಂಟೆ ಜಿ5ಕ್ಕೆ ಬರಬೇಕಿತ್ತು. ಎದುರಾಳಿ ಅದರ ಬದಲು 7ನೇ ನಡೆಗೆ ಸಿ3ರ ಕುದುರೆಯನ್ನು ಡಿ5ಕ್ಕೆ ತಂದ. ಕುದುರೆಗಳು ವಿನಿಮಯವಾದವು, ಬಿಳಿಯ ಇ ಪ್ಯಾದೆ ಡಿ5ಕ್ಕೆ ಬಂದು ಕೂತು ಸಿ6ರ ಕುದುರೆಯನ್ನು ಒದ್ದೋಡಿಸಿತು. ಹುಡುಗ ಅದನ್ನು ಇ7ಕ್ಕೆ ಇಟ್ಟ. ಬಿಳಿ ಸಿ3. ಹುಡುಗ ಹತ್ತು ಸೆಕೆಂಡಿನಲ್ಲಿ ಎ6.

ಬಿಳಿ ಮಂತ್ರಿ ಎ4ಕ್ಕೆ ಬಂತು.

ಈಗ ಅವನು ಮೊದಲ ಸಲ ನಿಂತು ನೋಡಿದ. ಎ6ರ ಪ್ಯಾದೆ ಕುದುರೆಯನ್ನು ಹೊಡೆದರೆ ಎ8ರ ಆನೆ ಹೋಗುತ್ತದೆ, ಅಷ್ಟು ಕಂಡಿತು. ಬಿ5ರ ಕುದುರೆ ಸರಿದರೆ ಮಂತ್ರಿಯಿಂದ ಚೆಕ್ ಬೀಳುತ್ತದೆ, ಅದೂ ಕಂಡಿತು. ದಾರಿಗೆ ಅಡ್ಡ ಹಾಕಲು ಒಂಟೆಯನ್ನು ಡಿ7ಕ್ಕೆ ತಂದ. ಕುದುರೆ ಡಿ6ರ ಪ್ಯಾದೆಯನ್ನು ಹೊಡೆಯಿತು, ಚೆಕ್‌ಮೇಟ್. ರಾಜ ಇ8ರಲ್ಲಿ, ಸುತ್ತ ಐದೂ ಮನೆಯಲ್ಲಿ ಅವನದೇ ಕಾಯಿ: ಡಿ8ರಲ್ಲಿ ಮಂತ್ರಿ, ಡಿ7ರಲ್ಲಿ ಒಂಟೆ, ಇ7ರಲ್ಲಿ ಕುದುರೆ, ಎಫ್7ರಲ್ಲಿ ಪ್ಯಾದೆ, ಎಫ್8ರಲ್ಲಿ ಇನ್ನೊಂದು ಒಂಟೆ. ಡಿ6ನ್ನು ಕಾಯಬೇಕಾಗಿದ್ದ ಎಫ್8ರ ಒಂಟೆಯ ದಾರಿಗೆ ಇ7ರ ಕುದುರೆ ಅಡ್ಡ, ಮಂತ್ರಿಯ ದಾರಿಗೆ ಈಗ ತಾನೇ ಬಂದ ಒಂಟೆ ಅಡ್ಡ. ಒಂಟೆಯ ಬದಲು ಕುದುರೆಯನ್ನು ಎಫ್5ಕ್ಕೆ ಹಾರಿಸಿದ್ದರೆ ಮೇಟ್ ತಪ್ಪುತ್ತಿತ್ತು, ಆದರೆ ಪ್ಯಾದೆ ಕಳೆದುಕೊಂಡು ರಾಜ ಬೀದಿಗೆ ಬೀಳುತ್ತಿದ್ದ. ತಪ್ಪು ಆಗಿದ್ದು 9ನೇ ನಡೆಯಲ್ಲೇ.

ರೇಟಿಂಗಿನ ಲೆಕ್ಕ ಹೀಗೆ. 18 ವರ್ಷದೊಳಗಿನ, 2300ಕ್ಕಿಂತ ಕಡಿಮೆ ರೇಟಿಂಗಿನ ಆಟಗಾರರಿಗೆ ಕೆ ಗುಣಕ, ಅಂದರೆ ಒಂದು ಆಟಕ್ಕೆ ರೇಟಿಂಗು ಎಷ್ಟು ಏರಿಳಿಯಬಹುದು ಎಂಬ ಅಳತೆ, 40. ಗೆದ್ದರೆ 1 ಅಂಕ, ಡ್ರಾ ಆದರೆ ಅರ್ಧ; ರೇಟಿಂಗಿನಲ್ಲಿ 112 ಮೇಲಿರುವವನಿಂದ ಆ ಆಟದಲ್ಲಿ 0.65 ಅಂಕದ ನಿರೀಕ್ಷೆ ಇರುತ್ತದೆ. ಸೋತರೆ 40 ಗುಣಿಸು 0.65, ಅಂದರೆ ಒಂದೇ ಆಟಕ್ಕೆ 26 ಅಂಕ ಢಮಾರ್. ಡ್ರಾ ಆಗಿದ್ದರೆ ಹೋಗುತ್ತಿದ್ದದ್ದು 6. ಚಿಕ್ಕ ಮಕ್ಕಳ ರೇಟಿಂಗು ಲಿಫ್ಟಿನ ಹಾಗೆ ಹತ್ತಿ ಇಳಿಯುವುದು ಈ 40ರಿಂದ. ಮನೆಯವರು ಅದನ್ನು ನೋಡಿ ಗಾಬರಿ ಬೀಳಬೇಕಾಗಿಲ್ಲ. ಆದರೆ ಈ ಹುಡುಗ ಕಪ್ಪಿನಲ್ಲಿ ಸೋತದ್ದೆಲ್ಲ ಒಂದೇ ಥರ ಇತ್ತು, ನೋಡಬೇಕಾದ್ದು ಅದು.

ಮನೆ ಮುಂಬೈ ಹತ್ತಿರದ ಡೊಂಬಿವಲಿ ಪೂರ್ವ. ತಂದೆ ಕುಂದಾಪುರ ಕಡೆಯವರು, ಹೋಟೆಲಿನಲ್ಲಿ ಕೆಲಸ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಟೂರ್ನಮೆಂಟ್ ಹಾಲಿನಲ್ಲಿ ಮರಾಠಿ, ಹಿಂದಿ. ಸ್ವೆಶ್ನಿಕೋವ್ ಆಯ್ಕೆ ಹುಡುಗನದೇ. 2018ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಾರುವಾನಾ ವಿರುದ್ಧ ಕಾರ್ಲ್‌ಸನ್ ಆಡಿದ ಆಟಗಳನ್ನು ನೋಡಿ ಮನಸೋತಿದ್ದ. ಇದರಲ್ಲಿ ತಪ್ಪಿಲ್ಲ. ಇಷ್ಟಪಟ್ಟು ಆರಿಸಿಕೊಂಡ ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳ ಪದ್ಧತಿ, ಅರ್ಧ ಕಲಿತ ಹಾಗೆ. ಅದನ್ನು ಬಿಡಿಸಿ ಬೇರೆ ಏನೋ ‘ಸುಲಭದ್ದು’ ಕೊಡಬೇಕೆಂಬ ಸಲಹೆ ಈ ಪ್ರಕರಣದಲ್ಲೂ ಬಂತು. ಅವನಿಗೆ ಆಟ ಕಲಿಸುವ ನಾವು ಒಪ್ಪಲಿಲ್ಲ. ಕಾರಣ ಮುಂದೆ ಗೊತ್ತಾಗುತ್ತದೆ.

ಲ್ಯಾಪ್‌ಟಾಪಿನಲ್ಲಿ ಅವನ ಫೈಲು ತೆರೆದಾಗ ಅರ್ಧ ಉತ್ತರ ಸಿಕ್ಕಿತು. ಒಂಟೆ ಜಿ5, ಎ6, ಕುದುರೆ ಎ3, ಬಿ5, ಒಂಟೆ ಎಫ್6ರಲ್ಲಿ ಹೊಡೆತ, ಜಿ ಪ್ಯಾದೆಯಿಂದ ಮರುಹೊಡೆತ, ಕುದುರೆ ಡಿ5, ಎಫ್5: ಈ ಒಂದು ಕವಲು 22ನೇ ನಡೆಯವರೆಗೆ ಬೆಳೆದು ಆಲದ ಮರ ಆಗಿತ್ತು. 7ನೇ ನಡೆಯ ಕುದುರೆ ಡಿ5ಕ್ಕೆ ಎರಡು ಸಾಲು. ಬಿಳಿ 2ನೇ ನಡೆಗೆ ಸಿ3 ಆಡಿದರೆ ಒಂದು ಸಾಲು. 3ನೇ ನಡೆಗೆ ಒಂಟೆ ಬಿ5ಕ್ಕೆ ಬಂದರೆ ಏನೂ ಇಲ್ಲ. ಆ ಋತುವಿನ ಸ್ಕೋರ್ ಶೀಟುಗಳನ್ನು ನೆಲದ ಮೇಲೆ ಹರಡಿ ಗುಂಪು ಮಾಡಿದೆವು. ಇ4ಕ್ಕೆ ಕಪ್ಪಿನಲ್ಲಿ ಆಡಿದ್ದು 19 ಆಟ. ಐದರಲ್ಲಿ ಒಂಟೆ ಬಿ5, ನಾಲ್ಕರಲ್ಲಿ 2ನೇ ನಡೆಗೆ ಸಿ3, ಮೂರರಲ್ಲಿ ಮುಚ್ಚಿದ ಸಿಸಿಲಿಯನ್, ಮೂರರಲ್ಲಿ ಒಂಟೆ ಸಿ4ಕ್ಕೆ ಹೋಗುವ ಆಟ. 5ನೇ ನಡೆಯ ಇ5ಕ್ಕೆ ತಲುಪಿದ್ದು ನಾಲ್ಕೇ ಆಟ. ಆಲದ ಮರದ ಕೆಳಗೆ ಕೂತದ್ದು ಒಂದು ಸಲ.

ಇದು ಮಕ್ಕಳ ಮಟ್ಟದ ಮಾತು ಮಾತ್ರ ಅಂದುಕೊಳ್ಳಬೇಡಿ. ಅದೇ ಲಂಡನ್ ಪಂದ್ಯದಲ್ಲಿ ಕಾರುವಾನಾ ಬಿಳಿ ಹಿಡಿದ 1, 3, 5ನೇ ಆಟಗಳಲ್ಲಿ ಒಂಟೆ ಬಿ5 ಆಡಿ ಸ್ವೆಶ್ನಿಕೋವ್‌ನಿಂದ ದೂರವೇ ಉಳಿದರು. 8ನೇ ಆಟದಿಂದಷ್ಟೇ ಡಿ4 ತಳ್ಳತೊಡಗಿದರು, ಅಲ್ಲೂ 7ನೇ ನಡೆಗೆ ಕುದುರೆ ಡಿ5. ಹುಡುಗ ಮನಸೋತ ಆಟಗಳಲ್ಲೇ ಅವನ ಫೈಲಿನ ದೊಡ್ಡ ಕವಲು ಇರಲಿಲ್ಲ!

ಉಳಿದ ಅರ್ಧ ಉತ್ತರ ಅವನ ಬಾಯಿಂದ ಬಂತು.

‘ಎ6 ಯಾಕೆ ಆಡಿದೆ ಮಾರಾಯಾ?’

‘ಕುದುರೆ ಬಿ5ರಲ್ಲಿದ್ರೆ ಎ6 ಅಲ್ವಾ ಸರ್?’

ಅವನ ತಲೆಯಲ್ಲಿ ಅದು ಗಂಟೆ ಹೊಡೆದರೆ ಊಟ ಅನ್ನುವ ಹಾಗೆ ಕೂತಿತ್ತು. ಮುಖ್ಯ ಕವಲಿನಲ್ಲಿ ಎ6 ಸರಿ, ಏಕೆಂದರೆ ಅಲ್ಲಿ ಸಿ6ರ ಕುದುರೆ ತನ್ನ ಜಾಗದಲ್ಲೇ ಇದ್ದು ಎ4ರಿಂದ ಇ8ರವರೆಗಿನ ಓರೆ ಸಾಲನ್ನು ಮುಚ್ಚಿರುತ್ತದೆ, ಸಿ2ರ ಪ್ಯಾದೆ ಕದಲದ ಕಾರಣ ಬಿಳಿ ಮಂತ್ರಿಗೆ ಎ4ಕ್ಕೆ ದಾರಿಯೂ ಇರುವುದಿಲ್ಲ. ಈ ಆಟದಲ್ಲಿ ಕುದುರೆ ಸಿ6 ಬಿಟ್ಟಿತ್ತು, ಸಿ ಪ್ಯಾದೆ ಮುಂದೆ ಸರಿದಿತ್ತು. ಎರಡೂ ಕದ ತೆರೆದ ಮೇಲೆ ಅದೇ ಎ6 ಆತ್ಮಹತ್ಯೆ. 9ನೇ ನಡೆಗೆ ಕುದುರೆಯನ್ನು ಎಫ್5ಕ್ಕೆ ಇಡಬೇಕಿತ್ತು. ಆಗ ಡಿ6ಕ್ಕೆ ಎಫ್5ರ ಕುದುರೆ, ಎಫ್8ರ ಒಂಟೆ ಎರಡರ ಕಾವಲು. ಮಂತ್ರಿ ಎ4ಕ್ಕೆ ಬಂದರೆ ಒಂಟೆ ಡಿ7 ನಿಶ್ಚಿಂತೆಯ ಉತ್ತರ. ಕಾರ್ಲ್‌ಸನ್ 12ನೇ ಆಟದಲ್ಲಿ ಕುದುರೆಯನ್ನು ಇ7ಕ್ಕೇ ಇಟ್ಟಿದ್ದರು. ಬಿಳಿ ಸಿ4 ಆಡಿದ ಕೂಡಲೇ ಅದು ಜಿ6ಕ್ಕೆ ಹಾರಿತು, ಮಂತ್ರಿ ಎ4ಕ್ಕೆ ಬಂದಾಗ ಒಂಟೆ ಡಿ7ಕ್ಕೆ ಹೋಯಿತು, ಮಂತ್ರಿ ಬಿ4ಕ್ಕೆ ಸರಿಯಬೇಕಾಯಿತು. ಇ7 ಖಾಲಿಯಾಗಿದ್ದೇ ಅಲ್ಲಿಯ ಗುಟ್ಟು. 8ನೇ ಆಟದಲ್ಲಿ ಅವರು ಕುದುರೆಯನ್ನು ಬಿ8ಕ್ಕೆ, ಹುಟ್ಟಿದ ಮನೆಗೇ ವಾಪಸು ಕಳಿಸಿದ್ದರು. ಅಲ್ಲಿಂದ ಅದು ಡಿ7ನ್ನು ಕಾಯುತ್ತದೆ, ಎಫ್8ರ ಒಂಟೆಯ ದಾರಿಗೂ ಅಡ್ಡ ಬರುವುದಿಲ್ಲ. ನೋಡಲು ಹಿನ್ನಡೆ, ಆದರೆ 1600ರ ಮಟ್ಟಕ್ಕೆ ಇದೇ ಕ್ಷೇಮ.

ಇಲ್ಲಿ ಸ್ವೆಶ್ನಿಕೋವ್ ಎಂಬ ಮನುಷ್ಯನ ಬಗ್ಗೆ ಹೇಳಬೇಕು, ಯಾಕೆಂದರೆ ಚಿಕಿತ್ಸೆ ಸಿಕ್ಕಿದ್ದು ಅವರ ವೃತ್ತಿಜೀವನದಲ್ಲೇ. ಎವ್ಗೆನಿ ಸ್ವೆಶ್ನಿಕೋವ್ ಹುಟ್ಟಿದ್ದು 1950ರಲ್ಲಿ, ಉರಲ್ ಸೀಮೆಯ ಚೆಲ್ಯಾಬಿನ್ಸ್ಕ್‌ನಲ್ಲಿ. ಓದಿದ್ದು ಎಂಜಿನಿಯರಿಂಗ್. 1977ರಲ್ಲಿ ಗ್ರ್ಯಾಂಡ್‌ಮಾಸ್ಟರ್, ಮುಂದೆ ಲಾಟ್ವಿಯಾ ಪರ ಒಲಿಂಪಿಯಾಡ್ ಆಡಿದರು, 2021ರಲ್ಲಿ ತೀರಿಕೊಂಡರು. 5ನೇ ನಡೆಯ ಇ5 ಅವರ ಸಂಶೋಧನೆ ಅಲ್ಲ. 1910ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಶ್ಲೆಕ್ಟರ್ ವಿರುದ್ಧ ಲಾಸ್ಕರ್ ಆಡಿದ್ದರು, 1950ರ ದಶಕದಲ್ಲಿ ಅರ್ಜೆಂಟೀನಾದ ಪೆಲಿಕಾನ್ ಆಡುತ್ತಿದ್ದರು. ಆದರೂ ಅದಕ್ಕೆ ಮರ್ಯಾದೆ ಇರಲಿಲ್ಲ. ಡಿ5 ಮನೆಯನ್ನು ಯಾವ ಪ್ಯಾದೆಯೂ ಮತ್ತೆ ಕಾಯಲಾರದು, ಡಿ6ರ ಪ್ಯಾದೆ ಹಿಂದುಳಿಯುತ್ತದೆ, ಇಂಥ ಓಪನಿಂಗ್ ಯಾರಿಗೆ ಬೇಕು ಎಂಬುದು ಆ ಕಾಲದ ಪಾಠ. ಸ್ವೆಶ್ನಿಕೋವ್, ಅದೇ ಊರಿನ ತಿಮೋಶ್ಚೆಂಕೋ ಜೊತೆ, 8ನೇ ನಡೆಯ ಬಿ5 ಹಿಡಿದು ಕೂತರು. ಬಿ4 ತಳ್ಳಿ ಎರಡು ಕುದುರೆಗೂ ಒಟ್ಟಿಗೆ ಕೈ ಹಾಕುವ ಬೆದರಿಕೆ ಅದರದು. ಟೂರ್ನಮೆಂಟಿನಿಂದ ಟೂರ್ನಮೆಂಟಿಗೆ ಅದನ್ನೇ ಆಡಿದರು, ಸೋತ ಕವಲನ್ನು ರಿಪೇರಿ ಮಾಡಿ ಮತ್ತೆ ತಂದರು. ಕ್ರಾಮ್ನಿಕ್, ಲೆಕೊ, ಗೆಲ್‌ಫಾಂಡ್ ಅವರಂಥ ದೊಡ್ಡ ಆಟಗಾರರ ಕೈಗೆ ಅದು ಬಂದದ್ದು ಆಮೇಲೆ. 2012ರ ಮಾಸ್ಕೋ ಪಂದ್ಯದಲ್ಲಿ ನಮ್ಮ ಆನಂದ್ ವಿರುದ್ಧವೂ ಗೆಲ್‌ಫಾಂಡ್ ಇದನ್ನು ಆಡಿದರು.

ಸ್ವೆಶ್ನಿಕೋವ್ ಕಂಡದ್ದನ್ನು ಹುಡುಗನಿಗೆ ಬೆರಳಲ್ಲಿ ಎಣಿಸಿ ತೋರಿಸಿದೆವು. ಬಿಳಿಯ ಆ ಕುದುರೆ ಜಿ1ರಿಂದ ಎಫ್3, ಡಿ4, ಬಿ5, ಎ3. ನಾಲ್ಕು ನಡೆ ಖರ್ಚು ಮಾಡಿ ಬೋರ್ಡಿನ ಅಂಚಿಗೆ. ಮತ್ತೆ ಕೆಲಸಕ್ಕೆ ಬರಬೇಕಾದರೆ ಸಿ2, ಇ3. ಒಟ್ಟು ಆರು. ಕಪ್ಪು ಡಿ5 ಬಿಟ್ಟುಕೊಟ್ಟದ್ದಕ್ಕೆ ಸಿಕ್ಕ ಬೆಲೆ ಈ ಸಮಯ. ಆ ಸಮಯ ಕೈಯಲ್ಲಿರುವಾಗ ಕೇಂದ್ರ ಒಡೆಯಬೇಕು, ಇಲ್ಲವೇ ಡಿ5ರ ಕುದುರೆಯನ್ನು ವಿನಿಮಯ ಮಾಡಿ ತೆಗೆಯಬೇಕು. ಸುಮ್ಮನೆ ಕೂತರೆ ಬಿಳಿ ಕುದುರೆ ವಾಪಸು ಬಂದು ಡಿ5ಕ್ಕೆ ಬೇಲಿ ಹಾಕುತ್ತದೆ.

ಹುಡುಗನ ಫೈಲಿನಲ್ಲಿ ಇಂಥ ಕಡೆಯಲ್ಲೆಲ್ಲ ‘ಕಾಂಪೆನ್ಸೇಶನ್’ (ಬಿಟ್ಟುಕೊಟ್ಟದ್ದಕ್ಕೆ ಸಿಕ್ಕ ಬೆಲೆ) ಎಂಬ ಒಂದು ಪದ ಇತ್ತು. ಏನು ಕಾಂಪೆನ್ಸೇಶನ್, ಎಷ್ಟು ನಡೆಯವರೆಗೆ, ಯಾವ ಕಾಯಿಗೆ? ಉತ್ತರ ಇಲ್ಲ. ಆದ್ದರಿಂದ ಮೊದಲ ಮದ್ದು: ಲ್ಯಾಪ್‌ಟಾಪ್ ಮುಚ್ಚಿ 200 ಪುಟದ ನೋಟ್‌ಬುಕ್ಕು. ಒಂದು ಕವಲಿಗೆ ಒಂದು ಪುಟ, ಪುಟಕ್ಕೆ ಮೂರು ಕಾಲಮ್ಮು: ನಡೆ, ಯಾಕೆ, ಎದುರಾಳಿ ಬೇರೆ ಆಡಿದರೆ. ‘ಯಾಕೆ’ ಕಾಲಮ್ಮು ಕನ್ನಡದಲ್ಲೇ ತುಂಬಬೇಕು. ಇದು ಭಾಷಾಭಿಮಾನಕ್ಕೆ ಮಾಡಿದ್ದಲ್ಲ. ಇಂಗ್ಲಿಷಿನ ಪದ ಅವನಿಗೆ ತಯಾರಾಗಿ ಸಿಗುತ್ತಿತ್ತು, ಅರ್ಥ ಆಗದಿದ್ದರೂ ಬರೆಯಬಹುದಿತ್ತು. ಅಮ್ಮನಿಗೆ ತಿಳಿಯುವ ಹಾಗೆ ಬರೆ ಅಂದಾಗ ಪೆನ್ನು ನಿಂತಿತು. ಅಮ್ಮನಿಗೆ ಆಟ ಬಾರದು. ರಾತ್ರಿ ಪಾತ್ರೆ ತೊಳೆಯುತ್ತ ‘ಮತ್ತೆ ಆ ಕುದುರೆ ಯಾಕೆ ಮೂಲೆಗೆ ಹೋಯ್ತು ಮಗಾ?’ ಎಂದು ಕೇಳುತ್ತಿದ್ದರು, ಇವನು ವಿವರಿಸಬೇಕು. ಎರಡನೇ ವಾರದ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಹೀಗಿದೆ: ‘ಎಫ್6ರಲ್ಲಿ ಮಂತ್ರಿಯಿಂದ ಹೊಡೆದರೆ ಕುದುರೆ ಡಿ5ಕ್ಕೆ ಬಂದು ಮಂತ್ರಿಯನ್ನು ಓಡಿಸುತ್ತದೆ, ಸಿ7ರಲ್ಲಿ ರಾಜ-ಆನೆ ಎರಡಕ್ಕೂ ಕೈ ಹಾಕುತ್ತದೆ, ಅದಕ್ಕೆ ಜಿ ಪ್ಯಾದೆಯಿಂದ ಹೊಡೆಯೋದು.’ ಈ ಸಾಲು ಬರೆದವನು ಆ ನಡೆಯನ್ನು ಇನ್ನು ಮರೆಯುವುದಿಲ್ಲ.

ಎರಡನೆಯದು ಪ್ಯಾದೆಗಳ ಅಸ್ಥಿಪಂಜರದ ಅಭ್ಯಾಸ: ಉಳಿದ ಕಾಯಿಗಳನ್ನು ಹೆಚ್ಚುಕಡಿಮೆ ತೆಗೆದು ಪ್ಯಾದೆಗಳನ್ನಷ್ಟೇ ಇಟ್ಟು ಆಡುವುದು. ಇಡೀ ಚಿಕಿತ್ಸೆಯಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ, ಯಾರು ಬೇಕಾದರೂ ಮನೆಯಲ್ಲಿ ಮಾಡಿ ನೋಡಬಹುದು. ಬಿಳಿಗೆ ಎ2, ಬಿ2, ಸಿ3, ಇ4, ಎಫ್2, ಜಿ2, ಎಚ್2 ಪ್ಯಾದೆ, ಜಿ1ರಲ್ಲಿ ರಾಜ, ಡಿ5ರಲ್ಲಿ ಕುದುರೆ. ಕಪ್ಪಿಗೆ ಎ6, ಬಿ5, ಡಿ6, ಇ5, ಎಫ್7, ಜಿ7, ಎಚ್7, ಜಿ8ರಲ್ಲಿ ರಾಜ, ಇ7ರಲ್ಲಿ ಒಂಟೆ. ತಲಾ 10 ನಿಮಿಷ, ಹುಡುಗ ಕಪ್ಪು. ಮೊದಲ ದಿನ ಸಾಲಾಗಿ ಸೋತ. ಅವನ ಒಂಟೆ ಓಡಾಡುವ ಬಣ್ಣದ ಮನೆಗಳಲ್ಲೇ ಅವನ ಡಿ6, ಇ5 ಪ್ಯಾದೆಗಳು ಗೋಡೆ ಕಟ್ಟಿದ್ದವು, ಡಿ5ರ ಕುದುರೆಯನ್ನು ಅಲ್ಲಾಡಿಸಲು ಒಂದೂ ಪ್ಯಾದೆ ಇಲ್ಲ. ಮರುದಿನ ಎರಡು ಬದಲಾವಣೆ: ಒಂಟೆಯನ್ನು ಇ7ರಿಂದ ಜಿ5ಕ್ಕೆ, ಗೋಡೆಯ ಹೊರಗೆ. ಜೊತೆಗೆ ಕಪ್ಪಿಗೆ ಸಿ6ರಲ್ಲಿ, ಬಿಳಿಗೆ ಸಿ2ರಲ್ಲಿ ಒಂದೊಂದು ಕುದುರೆ. ಈಗ ಒಂಟೆ ಇ3 ಮನೆ ಕಾಯುತ್ತದೆ, ಬಿಳಿ ಕುದುರೆ ಅಲ್ಲಿಗೆ ಬಂದರೆ ಹೊಡೆಯಬಹುದು. ಸಿ6ರ ಕುದುರೆ ಇ7ಕ್ಕೆ ಬಂದು ಡಿ5ರ ಕುದುರೆಗೆ ವಿನಿಮಯ ಕೇಳುತ್ತದೆ. ಬಿಳಿ 9ನೇ ನಡೆಗೆ ಕುದುರೆ ಡಿ5 ಆಡುವ ಕವಲಿನಲ್ಲಿ ಕಪ್ಪು ಒಂಟೆ ಇ7ಕ್ಕೆ ಬಂದು, ಎಫ್6ರಲ್ಲಿ ಹೊಡೆದು, ಕ್ಯಾಸ್ಲಿಂಗ್ (ರಾಜ, ಆನೆ ಒಟ್ಟಿಗೆ ಸರಿಯುವ ನಡೆ) ಆದ ಮೇಲೆ ಜಿ5ಕ್ಕೆ ಹೊರಡುವುದು ಇದಕ್ಕೇ. ಫೈಲಿನಲ್ಲಿ ಅವನು ಎಷ್ಟೋ ಸಲ ಕ್ಲಿಕ್ ಮಾಡಿದ್ದ ನಡೆ. ಬೋರ್ಡಿನ ಮೇಲೆ ಒಂಟೆಯನ್ನು ಕೈಯಾರೆ ಎತ್ತಿ ಜಿ5ಕ್ಕೆ ಇಟ್ಟಾಗ ‘ಓ, ಇದು ಜೈಲಿಂದ ಹೊರಗೆ ಬಂತು’ ಅಂದ.

ಮೂರನೇ ಅಸ್ಥಿಪಂಜರ ಅವನು ಸೋತ ಆಟದ್ದು. ಬಿಳಿ ಪ್ಯಾದೆ ಡಿ5ಕ್ಕೆ ಬಂದ ಮೇಲೆ ಆ ಮನೆಯ ತೂತು ಮುಚ್ಚಿಹೋಯಿತು, ಆಟವೇ ಬೇರೆ. ಮಂತ್ರಿ ಪಕ್ಕದಲ್ಲಿ ಬಿಳಿಗೆ ಮೂರು ಪ್ಯಾದೆ, ಕಪ್ಪಿಗೆ ಎರಡು. ರಾಜನ ಪಕ್ಕದಲ್ಲಿ ಕಪ್ಪಿಗೆ ನಾಲ್ಕು, ಬಿಳಿಗೆ ಮೂರು. ಬಿಳಿ ಸಿ4, ಬಿ4, ಸಿ5 ಎಂದು ಬರುತ್ತದೆ. ಕಪ್ಪು ಎಫ್5 ತಳ್ಳಿ ರಾಜನ ಕಡೆ ಓಡಬೇಕು. ಬಿ5ರ ಕುದುರೆಯನ್ನು ಓಡಿಸುವುದು ಇಲ್ಲಿ ಆಮೇಲಿನ ಕೆಲಸ. ಇಷ್ಟು ಗೊತ್ತಿದ್ದಿದ್ದರೆ ಆ ಹತ್ತು ಸೆಕೆಂಡಿನ ಎ6 ಬರುತ್ತಿರಲಿಲ್ಲ.

ಪಕ್ಕದ ಸಣ್ಣ ಕವಲುಗಳನ್ನು ಬೇಗ ಮುಗಿಸಿದೆವು. 6ನೇ ನಡೆಗೆ ಕುದುರೆ ಎಫ್3 ಅಥವಾ ಬಿ3ಕ್ಕೆ ಹಿಂದೆ ಹೋದರೆ ಒಂಟೆ ಬಿ4, ಇ4ರ ಪ್ಯಾದೆಗೆ ಬೆದರಿಕೆ. ಎಫ್5ಕ್ಕೆ ಹಾರಿದರೆ ತಕ್ಷಣ ಡಿ5. 3ನೇ ನಡೆಗೆ ಒಂಟೆ ಬಿ5 ಬಂದರೆ ಜಿ6, ಸಿ6ರಲ್ಲಿ ಹೊಡೆದರೆ ಡಿ ಪ್ಯಾದೆಯಿಂದ ಮರುಹೊಡೆತ, ಸಿ8ರ ಒಂಟೆಗೆ ದಾರಿ. 2ನೇ ನಡೆಯ ಸಿ3ಕ್ಕೆ ಮಾತ್ರ ಒಂದು ವಾರ ಪೂರ್ತಿ ಕೊಟ್ಟೆವು: ಕುದುರೆ ಎಫ್6, ಇ5, ಕುದುರೆ ಡಿ5, ಡಿ4, ಪ್ಯಾದೆ ಹೊಡೆತ, ಕುದುರೆ ಎಫ್3, ಕುದುರೆ ಸಿ6. ಬಿಳಿ ಹಿಡಿದಾಗ ಸಿಸಿಲಿಯನ್‌ಗೆ ಸ್ವೆಶ್ನಿಕೋವ್ ಜೀವಮಾನವಿಡೀ ಆಡಿದ್ದು ಇದೇ ಸಿ3. ಕಪ್ಪಿನ ಕಷ್ಟ ಸುಖ ಅಷ್ಟು ಬಲ್ಲವರು ಬಿಳಿಯಲ್ಲಿ ಅದನ್ನು ನೆಚ್ಚಿಕೊಂಡಿದ್ದರು ಅಂದರೆ ಅದಕ್ಕೆ ಒಂದು ವಾರ ಕೊಡಲೇಬೇಕು.

ಎಂಜಿನ್, ಅಂದರೆ ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮು, ಅದರ ಬಗ್ಗೆ ಒಂದು ಕಟ್ಟುನಿಟ್ಟು. ಸ್ಟಾಕ್‌ಫಿಶ್ ಉಚಿತ, ಮೊಬೈಲಿನಲ್ಲೂ ಸಿಗುತ್ತದೆ, ಆಟ ಮುಗಿದು ಹಾಲಿನ ಹೊರಗೆ ಬರುವಷ್ಟರಲ್ಲಿ ಮಕ್ಕಳು ಅದನ್ನು ತೆರೆದಿರುತ್ತಾರೆ. ಈ ಹುಡುಗನಿಗೆ ಮೊದಲ 20 ನಿಮಿಷ ಬಂದ್. ಎಲ್ಲಿ ಹೆದರಿದೆ, ಎಲ್ಲಿ ಯೋಚಿಸದೆ ಆಡಿದೆ ಎಂದು ಪೆನ್ನಿನಲ್ಲಿ ಬರೆದ ಮೇಲೆ ಎಂಜಿನ್. ಸ್ವೆಶ್ನಿಕೋವ್ ಸ್ಥಿತಿಗಳಲ್ಲಿ ಎಂಜಿನ್ ‘0.00’ ತೋರಿಸಿದರೆ ಆರಾಮ ಅಂತ ಅರ್ಥ ಅಲ್ಲ. ಆ ಸಮಬಲ ಕೆಲವು ಸಲ ಒಂದೇ ಒಂದು ಸರಿಯಾದ ನಡೆಯ ಮೇಲೆ ನಿಂತಿರುತ್ತದೆ, ಆ ನಡೆ ತಪ್ಪಿದರೆ ಕೆಳಗೆ ಪಾತಾಳ. ಎಂಜಿನ್‌ಗೆ ಅದು ಕಷ್ಟವಲ್ಲ, 13 ವರ್ಷದವನಿಗೆ ಕಷ್ಟ.

ಇನ್ನೊಂದು ನಿಯಮ ಗಡಿಯಾರದ್ದು. ಎದುರಾಳಿ ನೋಟ್‌ಬುಕ್ಕಿನಲ್ಲಿ ಇಲ್ಲದ ನಡೆ ಆಡಿದ ಕ್ಷಣ ಕೈ ತೊಡೆಯ ಕೆಳಗೆ, ಕನಿಷ್ಠ 4 ನಿಮಿಷ. ಆ 4 ನಿಮಿಷದಲ್ಲಿ ಎರಡೇ ಪ್ರಶ್ನೆ: ಈ ನಡೆಯಿಂದ ಯಾವ ಮನೆಯ ಕಾವಲು ಹೋಯಿತು, ಯಾವ ಸಾಲು ತೆರೆಯಿತು.

ಆರು ವಾರದ ನಂತರ ಆಡಿದ ಎರಡು ಟೂರ್ನಮೆಂಟಿನಲ್ಲಿ 7ನೇ ನಡೆಯ ಕುದುರೆ ಡಿ5 ಎರಡು ಸಲ ಎದುರಾಯಿತು. ಒಂದರಲ್ಲಿ ಕುದುರೆಯನ್ನು ಬಿ8ಕ್ಕೆ ಕಳಿಸಿ, ಕ್ಯಾಸ್ಲಿಂಗ್ ಆಗಿ, ಎಫ್5 ತಳ್ಳಿ ಗೆದ್ದ. ಶೀಟಿನಲ್ಲಿ 8ನೇ ನಡೆಗೆ 5 ನಿಮಿಷ, ಎಫ್5ಕ್ಕೆ 11 ನಿಮಿಷ ಖರ್ಚಾದ ಗುರುತು ಇದೆ. ಇನ್ನೊಂದರಲ್ಲಿ ಎದುರಾಳಿ 9ನೇ ನಡೆಗೆ ಎ4 ಆಡಿದ, ಲಂಡನ್ನಿನ 8ನೇ ಆಟದಲ್ಲಿ ಕಾರುವಾನಾ ಆಡಿದ ನಡೆ. ಹುಡುಗ 14 ನಿಮಿಷ ಕೂತ, ಕಾಯಿಗಳನ್ನು ಹಿಂದೆಯೇ ಜೋಡಿಸಿಕೊಂಡ, ಎಫ್5 ತಳ್ಳುವ ಹೊತ್ತು ಮೀರಿಹೋಯಿತು. 50 ನಡೆ ಒದ್ದಾಡಿ ಡ್ರಾ. ರೇಟಿಂಗು ಕಳೆದುಕೊಂಡದ್ದರಲ್ಲಿ ಅರ್ಧದಷ್ಟು ವಾಪಸು ಬಂದಿದೆ. 2ನೇ ನಡೆಯ ಸಿ3ರ ವಿರುದ್ಧ ಇನ್ನೂ ಸೋಲುತ್ತಿದ್ದಾನೆ, ಅಲ್ಲಿ ಮಂತ್ರಿಗಳು ಬೇಗ ವಿನಿಮಯವಾದ ಮೇಲಿನ ಅಂತ್ಯದ ಆಟ ಅವನಿಗೆ ಬರುವುದಿಲ್ಲ. ಅದು ಓಪನಿಂಗ್ ಕಾಯಿಲೆ ಅಲ್ಲ, ಆನೆ-ಪ್ಯಾದೆ ಅಂತ್ಯಗಳ ಪಾಠ ಬೇರೆ ಶುರುವಾಗಿದೆ.

ನೋಟ್‌ಬುಕ್ಕಿನಲ್ಲಿ 9ನೇ ನಡೆಯ ಆ ಎ4 ಕವಲಿನ ಪುಟದಲ್ಲಿ ಮೊದಲ ಕಾಲಮ್ಮು ತುಂಬಿದೆ. ಎರಡನೆಯದರಲ್ಲಿ ಪೆನ್ಸಿಲಿನಲ್ಲಿ, ‘ಎ6 ಆಡಿದರೆ ಕುದುರೆ ಎ3ಕ್ಕೆ, ಅಲ್ಲಿಂದ ಸಿ4ಕ್ಕೆ ಬರ್ತದೆ. ಹಾಗಾದ್ರೆ ಎ6 ಯಾವಾಗ?’ ಎಂದು ಬರೆದಿದ್ದಾನೆ. ಮೂರನೆಯದು ಖಾಲಿ. ಶನಿವಾರದ ಕ್ಲಾಸು ಅಲ್ಲಿಂದ ಶುರು.